ಗ್ರಾಮಸಭೆಯಲ್ಲಿ ಎದ್ದು ನಿಂತ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರನ್ನೂ ಕೇಳಲಾಗಲಿಲ್ಲ. ಹಳ್ಳ ತುಂಬಿ ಮಕ್ಕಳು ಶಾಲೆಗೆ ಹೋಗಲಾಗದ ಮಳೆಗಾಲವದು. ಹಳ್ಳ ದಾಟುವ ಕಾಲುಸಂಕಕ್ಕೆ ಅನುದಾನ ಬಂದಿಲ್ಲವೆಂದು ಹೇಳುತ್ತಲೇ ಅಧ್ಯಕ್ಷೆಯಾದ ನನ್ನ ಗಂಟಲು ಕಟ್ಟಿ, ಕಣ್ಣು ತುಂಬಿತು. “ಹೆಂಗಸಿಗೆ ಕುರ್ಚಿ ಕೊಟ್ಟರೆ ಇಷ್ಟೇ” ಎಂದರು ಯಾರೋ. ನೀವು ನೀರು ತೊಟ್ಟಿಕ್ಕುವ ಕೊಡೆ ಹಿಡಿದೇ ಎದ್ದಿರಿ. “ನಮ್ಮ ಮಕ್ಕಳಿಗಾಗಿ ಕಣ್ಣೀರು ಹಾಕಿದವರನ್ನು ಆ ಕುರ್ಚಿಯಲ್ಲಿ ನಾನು ಕಂಡಿರಲಿಲ್ಲ. ಮಾತಾಡು ಮಗಳೇ” ಎಂದಿರಿ. ಸಭೆ ತಣ್ಣಗಾಯಿತು.

ಗೇಣಿದಾರರ ಪರವಾಗಿ 1951ರ ಕಾಗೋಡು ಸತ್ಯಾಗ್ರಹದಲ್ಲಿ ನಿಂತ ಶಾಂತವೇರಿ ಗೋಪಾಲಗೌಡರನ್ನು ಮರುವರ್ಷವೇ ವಿಧಾನಸಭೆಗೆ ಕಳುಹಿಸಿದ ಸೀಮೆ ನಮ್ಮದು. ಇಲ್ಲಿ ಜನರ ಸಂಕಟಕ್ಕೆ ಕರಗುವುದು ದೌರ್ಬಲ್ಯ ಹೇಗಾದೀತು? ಶೇ. 50ರ ಮಹಿಳಾ ಮೀಸಲಾತಿ ನನಗೆ ಸ್ಥಾನ ಕೊಟ್ಟಿತು, ಧೈರ್ಯ ಕೊಟ್ಟವರು ನೀವು. ಅಂದಿನ ನಿರ್ಣಯ ತಾಲ್ಲೂಕು ಕಚೇರಿ ತಲುಪಿದೆ, ಬೆನ್ನು ಹತ್ತಿದ್ದೇನೆ. ನಿಮಗೆ ನನ್ನ ಹೃತ್ಪೂರ್ವಕ ನಮಸ್ಕಾರ. ಮುಂದಿನ ಸಭೆಗೂ ತಪ್ಪದೇ ಬನ್ನಿ.