ಮಗಳಿಗೊಂದು ಪತ್ರ: ಚಾಸರ್ ಕೈಬಿಟ್ಟ ಹುಡುಗಿ

ಚಿ. ಮಗಳಿಗೆ ಅಮ್ಮನ ಆಶೀರ್ವಾದಗಳು.

ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ‘ವೈಫ್ ಆಫ್ ಬಾತ್’ ಎಂಬ ಹೆಂಗಸು ಹೇಳುವ ಕಥೆಯ ಮೇಲೆ ಪ್ರಬಂಧ ಬರೆಯಬೇಕೆಂದು ಫೋನಿನಲ್ಲಿ ಹೇಳಿದೆಯಲ್ಲ, ಅದನ್ನು ಮತ್ತೆ ಓದಿದೆ. ಆರ್ಥರ್ ರಾಜನ ಆಸ್ಥಾನದ ಯೋಧನೊಬ್ಬ, ಒಂಟಿಯಾಗಿ ಹೋಗುತ್ತಿದ್ದ ಹುಡುಗಿಯ ಮೇಲೆ ಅತ್ಯಾಚಾರ ಎಸಗುತ್ತಾನೆ. ಜನ ಕೂಗೆಬ್ಬಿಸಿದ ಮೇಲೆ, ಕಾನೂನಿನಂತೆ ಅವನ ತಲೆ ಕಡಿಯಬೇಕೆಂದು ತೀರ್ಪಾಗುತ್ತದೆ. ಇಂಗ್ಲೆಂಡಿನ 1285ರ ವೆಸ್ಟ್‌ಮಿನ್‌ಸ್ಟರ್ ಶಾಸನವು ಈ ಅಪರಾಧಕ್ಕೆ ಮರಣದಂಡನೆ ವಿಧಿಸಿದ್ದರಿಂದ, ಆ ಕಾಲದ ಓದುಗರಿಗೆ ಅದು ಅಚ್ಚರಿಯ ತೀರ್ಪಲ್ಲ. ಆದರೆ ರಾಣಿ ಅವನ ಜೀವ ಉಳಿಸಿ, ಹೆಣ್ಣಿಗೆ ಎಲ್ಲಕ್ಕಿಂತ ಬೇಕಾದದ್ದೇನು ಎಂಬ ಪ್ರಶ್ನೆಗೆ ಉತ್ತರ ಹುಡುಕಿ ತರಲು ಒಂದು ವರ್ಷ, ಒಂದು ದಿನದ ಗಡುವು ಕೊಡುತ್ತಾಳೆ. ಕೊನೆಗೆ ಅವನಿಗೆ ಚೆಲುವೆ ಹೆಂಡತಿಯೂ ಸಿಗುತ್ತಾಳೆ! ಆ ಹುಡುಗಿಗೆ ಮಾತ್ರ ಹೆಸರಿಲ್ಲ, ಒಂದು ಮಾತೂ ಇಲ್ಲ. ಊರೂರು ಅಲೆದು ಹೆಂಗಸರನ್ನು ಕೇಳುವವನು ಅವಳ ಬಳಿಗೆ ಹೋಗುವುದೇ ಇಲ್ಲ.

ಅದೇ ಕವಿ ‘ದಿ ಲೆಜೆಂಡ್ ಆಫ್ ಗುಡ್ ವಿಮೆನ್’ನಲ್ಲಿ ಫಿಲೊಮೆಲಾಳ ಕಥೆಯನ್ನು ಬೇರೆಯೇ ರೀತಿಯಲ್ಲಿ ಹೇಳಿದ್ದಾನೆ. ಅಕ್ಕನ ಗಂಡ ಟೀರಿಯಸ್ ಅವಳ ಮೇಲೆ ಅತ್ಯಾಚಾರ ಮಾಡಿ, ನಾಲಿಗೆ ಕತ್ತರಿಸಿ, ಕೋಟೆಯಲ್ಲಿ ಕೂಡಿಹಾಕುತ್ತಾನೆ. ಅವಳಿಗೆ ಓದಲು ಬರುತ್ತದೆ, ಲೇಖನಿ ಹಿಡಿದು ಬರೆಯಲು ಬಾರದು; ಆದರೆ ಮಗ್ಗದಲ್ಲಿ ಅಕ್ಷರಗಳನ್ನು ನೇಯಬಲ್ಲಳು. ತನಗಾದದ್ದನ್ನೆಲ್ಲ ಬಟ್ಟೆಯಲ್ಲಿ ನೇಯ್ದು ಮುಗಿಸುವಷ್ಟರಲ್ಲಿ ವರ್ಷವೇ ಕಳೆದಿರುತ್ತದೆ. ಆಮೇಲೆ ಆಳಿನ ಹುಡುಗನಿಗೆ ಉಂಗುರ ಕೊಟ್ಟು, ಬಟ್ಟೆಯನ್ನು ಅಕ್ಕನಿಗೆ ತಲುಪಿಸೆಂದು ಸನ್ನೆಯಿಂದಲೇ ಬೇಡಿಕೊಳ್ಳುತ್ತಾಳೆ. ಮಧ್ಯಯುಗದ ಇಂಗ್ಲಿಷ್ ಕಾವ್ಯದಲ್ಲಿ ನನಗೆ ಇಷ್ಟು ಹತ್ತಿರವಾದ ಭಾಗ ಇನ್ನೊಂದಿಲ್ಲ.

ಆದರೂ ಒಂದು ತಕರಾರಿದೆ. ಪ್ರಾಚೀನ ರೋಮನ್ ಕವಿ ಓವಿಡ್‌ನ ಮೂಲ ಕಥೆಯಲ್ಲಿ ಅಕ್ಕತಂಗಿಯರು ಟೀರಿಯಸ್‌ನ ಮಗನನ್ನೇ ಕೊಂದು ಅವನಿಗೆ ಉಣಬಡಿಸುತ್ತಾರೆ. ಚಾಸರ್ ಅದನ್ನು ಬಿಟ್ಟು, ಅವರಿಬ್ಬರೂ ಅಪ್ಪಿಕೊಂಡು ಅಳುವಲ್ಲಿಗೇ ಕಥೆ ನಿಲ್ಲಿಸುತ್ತಾನೆ. ಆ ಕೊಲೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ‘ಒಳ್ಳೆಯ ಹೆಂಗಸರ’ ಸಾಲಿನಲ್ಲಿ ನಿಲ್ಲಬೇಕಾದರೆ ಕಣ್ಣೀರು ಮಾತ್ರ ಇರಬೇಕು, ಸಿಟ್ಟು ಇರಬಾರದು ಎಂಬ ಲೆಕ್ಕಾಚಾರ ಅಲ್ಲಿದೆಯೇನೋ ಎಂದು ನನಗೆ ಅನುಮಾನ. ಚಾಸರ್‌ನ ಗೆಳೆಯ, ಕವಿ ಜಾನ್ ಗೋವರ್ ಹಾಗೆ ಮಾಡಲಿಲ್ಲ. ಇದೇ ಕಥೆ ಬರುವ ಅವನ ‘ಕನ್ಫೆಸಿಯೊ ಅಮಾಂಟಿಸ್’ ಕಾವ್ಯದಲ್ಲಿ ಸೇಡೂ ಇದೆ; ನಾಲಿಗೆ ಹೋಗುವ ಮೊದಲು, ನಡೆದದ್ದನ್ನು ಜನರ ನಡುವೆ ಇದ್ದರೆ ಜನರಿಗೆ, ಕಲ್ಲುಗಳ ನಡುವೆ ಮುಚ್ಚಿಟ್ಟರೆ ಕಲ್ಲುಗಳಿಗೆ ಹೇಳುತ್ತೇನೆಂದು ಫಿಲೊಮೆಲಾ ಟೀರಿಯಸ್‌ನ ಮುಖಕ್ಕೇ ಹೇಳುತ್ತಾಳೆ.

ಪ್ರಬಂಧದಲ್ಲಿ ಗೋವರ್‌ನ ಆ ಭಾಗವನ್ನೂ ಪಕ್ಕಕ್ಕಿಟ್ಟು ನೋಡು. ನಿಮ್ಮ ಮೇಡಂ ಒಪ್ಪದಿದ್ದರೆ, ಅವರ ಆಕ್ಷೇಪ ಏನೆಂದು ನನಗೂ ಬರೆದು ತಿಳಿಸು.

ನಿನ್ನ
ಅಮ್ಮ