ಗಾಳ ಹಾಕುವ ಮುಂಚೆ ಯಾರನ್ನು ಕೇಳಬೇಕು?

ಸಂಪಾದಕರಿಗೆ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ದಿನಗಳಲ್ಲಿ ಕಾರವಾರದ ಮಾರ್ಕೆಟ್ಟಿನಲ್ಲಿ ಬಂಗಡೆ ರೇಟು ಕೇಳಿ, ಚೀಲ ಮಡಚಿಕೊಂಡು ಸುಮ್ನೆ ವಾಪಸ್ ಬರುವವರಲ್ಲಿ ನಾನೂ ಒಬ್ಬ. ಬನವಾಸಿ ಕಡೆಯ ನಮ್ಮ ಭಾವ ಫೋನಿನಲ್ಲಿ ನಕ್ಕರು. "ಕಡಲು ಬಂದಾದ್ರೆ ಏನಾಯ್ತೋ ಮಾರಾಯಾ, ಕೆರೆ ಇಲ್ವಾ, ಡ್ಯಾಮ್ ಇಲ್ವಾ, ಗಾಳ ಹಿಡ್ಕೊಂಡು ಬಾ." ಮಳೆ ಜೋರಿದ್ದಾಗ ಬೇಡ, ದಸರಾ ರಜೆಗೆ ಹೋಗೋಣ ಎಂದು ಠರಾಯಿತು.

ಅಲ್ಲಿಂದ ಶುರುವಾಯಿತು ನೋಡಿ ತಲೆಬಿಸಿ. ಜಿಲ್ಲೆಯಲ್ಲಿ ನೀರಿಗೇನು ಬರವಿಲ್ಲ. ಸೂಪಾ, ಕೊಡಸಳ್ಳಿ, ಕದ್ರಾ, ಗೇರುಸೊಪ್ಪ ಎಂದು ಎಣಿಸುತ್ತಾ ಹೋಗಬಹುದು. ಆದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಗಡಿ ಎಲ್ಲಿ ಮುಗಿಯುತ್ತದೆ, ಎಲ್ಲಿ ಗಾಳ ಹಾಕಿದರೆ ಕೇಸಾಗುತ್ತದೆ ಎಂದು ದಡದಲ್ಲಿ ನಿಂತವನಿಗೆ ಹೇಗೆ ಗೊತ್ತಾಗಬೇಕು? ದಾಂಡೇಲಿ ಹತ್ತಿರದ ಹೊಳೆಯಲ್ಲಿ ಮೊಸಳೆಗಳಿವೆ, ಅಲ್ಲಿ ಮೊಣಕಾಲುದ್ದ ನೀರಿಗೂ ಇಳಿಯಲಾರೆ. ಮುಂಡಗೋಡದ ಅತ್ತಿವೇರಿ ಪಕ್ಷಿಧಾಮ, ಅದನ್ನು ಬಿಟ್ಟೇಬಿಟ್ಟೆವು. ಕದ್ರಾ ಹಿನ್ನೀರಿನ ದಡದಲ್ಲೇ ಕೈಗಾ ಅಣುವಿದ್ಯುತ್ ಸ್ಥಾವರ ಇದೆ, ಅಲ್ಲಿ ಸುಮ್ಮನೆ ಅಡ್ಡಾಡುವುದೂ ಬೇಡ.

ಉಳಿದಿದ್ದು ಕೆರೆಗಳು. ಒಂದು ಕಚೇರಿಯಲ್ಲಿ ಕೇಳಿದರೆ ಇನ್ನೊಂದು ಕಚೇರಿಗೆ ಹೋಗಿ ಎಂದರು, ಅಲ್ಲಿ ಪಂಚಾಯ್ತಿ ಎಂದರು, ಪಂಚಾಯ್ತಿಯಲ್ಲಿ "ಗಾಳಕ್ಕೆಲ್ಲ ಯಾರು ಕೇಳ್ತಾರ್ರೀ, ಹಾಕ್ಕೊಳ್ಳಿ" ಎಂದರು. ಹಾಕಿದೆವು. ಅರ್ಧ ತಾಸಿಗೆ ಕೆರೆ ಗುತ್ತಿಗೆ ಹಿಡಿದವನು ಬೈಕಿನಲ್ಲಿ ಬಂದ. ಅವನ ಸಿಟ್ಟು ತಪ್ಪಲ್ಲ. ಕಾಟ್ಲಾ, ರೋಹು, ಮೃಗಾಲ್ ಮರಿ ತಂದು ಬಿಟ್ಟವನು ಅವನು, ದುಡ್ಡು ಹಾಕಿದವನು ಅವನು. ಆದರೆ ಗುತ್ತಿಗೆ ಇದೆ ಎಂದು ಏರಿ ಮೇಲೆ ಒಂದು ತಗಡಿನ ಬೋರ್ಡಾದರೂ ಬೇಡವೇ? ಕೊನೆಗೆ ಅವನೇ ಕೂತು ಪಾಠ ಮಾಡಿದ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ನಾವು ಎರೆಹುಳು ಚುಚ್ಚಿ ತಳಕ್ಕೆ ಬಿಟ್ಟು ಕಾಟ್ಲಾ ಕಾಯುತ್ತಿದ್ದೆವು! ಶೇಂಗಾ ಹಿಂಡಿ ನೆನೆಸಿ, ಹಿಟ್ಟು ಕಲಸಿ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಕೊಟ್ಟ, ದುಡ್ಡು ಇಸಿದುಕೊಂಡು ಒಂದು ತಾಸು ಗಾಳ ಹಾಕಲೂ ಬಿಟ್ಟ. ರಸೀದಿ ಮಾತ್ರ ಇಲ್ಲ.

ಮಾರನೇ ದಿನ ಒಂದು ಅಣೆಕಟ್ಟಿನ ಕೆಳಗೆ, ಹೊಳೆ ನಡುವಿನ ಬಂಡೆ ಮೇಲೆ ಕೂತಿದ್ದೆವು. ಚಪ್ಪಲಿ ಪಕ್ಕದ ಕಲ್ಲಿನ ಮೇಲಿತ್ತು. ಮಳೆ ಇಲ್ಲ, ಮೋಡವೂ ಇಲ್ಲ. ನೋಡನೋಡುತ್ತ ಚಪ್ಪಲಿ ತೇಲಿಹೋಯಿತು. ಕರೆಂಟು ತಯಾರಿಸಲು ಯಂತ್ರ ಶುರು ಮಾಡಿದರೆ ಸಾಕು, ಗೇಟು ತೆರೆಯದಿದ್ದರೂ ಕೆಳಗೆ ಹೊಳೆ ಏರುತ್ತದೆ ಎಂದು ಆಮೇಲೆ ದನ ಮೇಯಿಸುವ ಅಜ್ಜ ಹೇಳಿದರು. ಅಲ್ಲಿ ಕೂತಿದ್ದು ನಮ್ಮದೇ ದಡ್ಡತನ, ಒಪ್ಪುತ್ತೇನೆ. ಆದರೆ ಅಜ್ಜ ಹೇಳಿದ ಆ ಒಂದು ಮಾತು ದಡದಲ್ಲಿ ಬರೆದಿಡಲು ಎಷ್ಟು ಬಣ್ಣ ಬೇಕು?

ಕೇಳುವುದು ಇಷ್ಟೇ. ಗಾಳ ಹಾಕಬಹುದಾದ ಕೆರೆ ಯಾವುದು, ಕೂಡದ್ದು ಯಾವುದು, ಯಾರಿಗೆ ಎಷ್ಟು ಕಟ್ಟಬೇಕು, ಒಂದು ಫೋನ್ ನಂಬರು, ಇದನ್ನು ಕಾರವಾರ ಮತ್ತು ಸಿರ್ಸಿಯಲ್ಲಿ ಒಂದು ಕಡೆ ಕನ್ನಡದಲ್ಲಿ ಹಾಕಿ. ರಸೀದಿ ಕೊಟ್ಟರೆ ದುಡ್ಡು ಕಟ್ಟಲು ನಮಗೇನೂ ಬೇಜಾರಿಲ್ಲ.

ಅಂದಹಾಗೆ ಕೆರೆ ಮೀನಿಗೆ ಮಣ್ಣು ವಾಸನೆ ಎಂದು ನಮ್ಮ ಕಡಲ ಕಡೆಯವರು ಮೂಗು ಮುರಿಯುತ್ತಾರೆ. ನಮ್ಮಮ್ಮನೂ ಮುರಿದಳು. ಅಕ್ಕ ಆ ಕೆರೆಯಲ್ಲಿ ಗಾಳಕ್ಕೆ ಸಿಕ್ಕ ರೋಹುವನ್ನು ಉಪ್ಪು, ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿ ತೊಳೆದು ಸಾರು ಮಾಡಿದಳು. ಅಮ್ಮ ಎರಡನೇ ಸಲ ಅನ್ನ ಹಾಕಿಸಿಕೊಂಡಳು, ಬಾಯಿಬಿಟ್ಟು ಏನೂ ಹೇಳಲಿಲ್ಲ.

ಇಂತಿ,
ಕಾರವಾರದ ಒಬ್ಬ ಓದುಗ