ಯುದ್ಧದ ಫೋಟೋ, ಕೆಳಗೆ ನಾಲ್ಕು ಸಾಲು

ಪ್ರಿಯ ರಘು,

ನಿನ್ನ ಕವಿತೆಗಳು ತಲುಪಿದವು. ಮುಖಸ್ತುತಿ ಬೇಡ ಅಂತ ನೀನೇ ಬರೆದಿದ್ದೀಯ, ಅದಕ್ಕೇ ನೇರವಾಗಿ ಹೇಳುತ್ತೇನೆ. ಗಾಜಾದ ಮಗುವಿನ ಫೋಟೋ ನೋಡಿ ಬರೆದದ್ದು ನನಗೆ ಹಿಡಿಸಲಿಲ್ಲ. ಹೈಫಾದ ಕುದುರೆ ಸವಾರರ ಫೋಟೋ ಮೇಲಿನದು ಅರ್ಧ ಹಿಡಿಸಿತು.

ಮೊದಲನೆಯದರಲ್ಲಿ ನೀನು ಆ ಮಗುವೇ ಆಗಿ ‘ನಾನು’ ಅಂತ ಮಾತಾಡಿದ್ದೀಯ. ಸಾಲುಗಳು ಚೆನ್ನಾಗಿವೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಮಗುವಿನ ಹೆಸರೂ ನಮಗೆ ಗೊತ್ತಿಲ್ಲ. ಮನೆ ಹೋಗಿದೆ, ಜೊತೆಗಿದ್ದವರು ಹೋಗಿದ್ದಾರೆ. ಉಳಿದಿರುವ ಮಾತನ್ನೂ ನಾವು ಕಿತ್ತುಕೊಂಡರೆ ಹೇಗೋ? ಇನ್ನು ರಕ್ತ, ಬೂದಿ, ಚೀರಾಟ ಎಲ್ಲ ಫೋಟೋದಲ್ಲೇ ಇದೆ. ಅದನ್ನೇ ಕವಿತೆ ಮತ್ತೆ ಜೋರಾಗಿ ಹೇಳಿದರೆ ಓದುವವನಿಗೆ ಹೊಸದಾಗಿ ಏನೂ ಸಿಗುವುದಿಲ್ಲ.

ಜರ್ಮನಿಯ ನಾಟಕಕಾರ, ಕವಿ ಬ್ರೆಕ್ಟ್‌ನ ನಾಟಕಗಳನ್ನು ನಾವಿಬ್ಬರೂ ನೋಡಿದ್ದೇವೆ, ಅಲ್ವಾ? ಅವನು ಇದೇ ಕೆಲಸ ಮಾಡಿದ್ದ. ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟು ಡೆನ್ಮಾರ್ಕ್, ಸ್ವೀಡನ್, ಫಿನ್‌ಲೆಂಡ್, ಆಮೇಲೆ ಅಮೆರಿಕ ಅಂತ ಅಲೆಯುವಾಗ ಪತ್ರಿಕೆಗಳಿಂದ ಯುದ್ಧದ ಚಿತ್ರಗಳನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದ. ಪ್ರತಿ ಚಿತ್ರದ ಕೆಳಗೂ ಪ್ರಾಸ ಇರುವ ನಾಲ್ಕೇ ಸಾಲು. ಹೆಚ್ಚುಕಡಿಮೆ ನಮ್ಮ ದಿನಕರ ದೇಸಾಯಿಯವರ ಚುಟುಕದ ಅಳತೆ. ಅಂಥ 69 ಚಿತ್ರ-ಪದ್ಯಗಳ ಪುಸ್ತಕ ಪೂರ್ವ ಜರ್ಮನಿಯಲ್ಲಿ ಹೊರಬಂದದ್ದು 1955ರಲ್ಲಿ, ಯುದ್ಧ ಮುಗಿದು ಹತ್ತು ವರ್ಷಕ್ಕೆ.

ಅದರಲ್ಲೊಂದು ಚಿತ್ರದಲ್ಲಿ ಕಾರ್ಖಾನೆಯ ಕೆಲಸಗಾರರು ದೊಡ್ಡ ಉಕ್ಕಿನ ಹಲಗೆಗಳ ನಡುವೆ ಇದ್ದಾರೆ. ಹೆಣ ಇಲ್ಲ, ಹೊಗೆ ಇಲ್ಲ. ಪದ್ಯ ಅವರನ್ನೇ ಮಾತಾಡಿಸುತ್ತದೆ. ಏನು ಮಾಡುತ್ತಿದ್ದೀರಿ ಅಂದರೆ, ಉಕ್ಕಿನ ಕವಚದ ಗಾಡಿ. ಪಕ್ಕದಲ್ಲಿರುವ ಹಲಗೆಯಿಂದ? ಆ ಕವಚವನ್ನೇ ತೂರಿಹೋಗುವ ಗುಂಡು. ಇದೆಲ್ಲ ಯಾಕೆ? ಹೊಟ್ಟೆಪಾಡಿಗೆ. ಅಷ್ಟೇ. ಫೋಟೋ ತಾನಾಗಿ ಹೇಳಲಾರದ್ದನ್ನು ಮಾತ್ರ ಪದ್ಯ ಕೇಳಿ ಹೊರತೆಗೆಯಿತು. ನನ್ನ ತಕರಾರೆಲ್ಲ ಇದೇ. ಕವಿ ಚಿತ್ರದೊಳಗಿನವರನ್ನು ಮಾತಾಡಿಸಲಿ, ಬೇಕಾದರೆ ಜಗಳವಾಡಲಿ. ಸುಮ್ನೆ ಅವರ ಅಂಗಿ ತೊಟ್ಟು ನಿಲ್ಲುವುದು ಬೇಡ.

ಫೋಟೋ ತೆಗೆದವನನ್ನೂ ಕೇಳಬೇಕು. ಲಖನೌದ ಸಿಕಂದರ್ ಬಾಗ್ ಚಿತ್ರ ನೀನೂ ನೋಡಿರುತ್ತೀಯ, ಅಂಗಳದ ತುಂಬ ತಲೆಬುರುಡೆ, ಮೂಳೆ. ಅಲ್ಲಿ ದಂಗೆಯೆದ್ದ ಸಿಪಾಯಿಗಳನ್ನು ಇಂಗ್ಲಿಷರ ಸೈನ್ಯ ಕೊಂದದ್ದು 1857ರ ನವೆಂಬರಿನಲ್ಲಿ. ಫೋಟೋಗ್ರಾಫರ್ ಫೆಲಿಚೆ ಬಿಯಾಟೊ ಕ್ಯಾಮೆರಾ ಹಿಡಿದು ಹೋದದ್ದು ಮುಂದಿನ ವರ್ಷ. ಫೋಟೋಗಾಗಿಯೇ ಮೂಳೆಗಳನ್ನು ಹೊರತೆಗೆಸಿದ ಅಂತ ಆ ಕಾಲದವರೇ ಬರೆದಿಟ್ಟಿದ್ದಾರೆ. ಈ ಚಿತ್ರದ ಮೇಲೆ ಬರೆಯುವವನು ಬರೀ ಸತ್ತವರಿಗೆ ಮರುಗಿದರೆ ಬಿಯಾಟೊ ಸಲೀಸಾಗಿ ತಪ್ಪಿಸಿಕೊಳ್ಳುತ್ತಾನೆ.

ಈಗ ನಿನ್ನ ಹೈಫಾ. ಭರ್ಜಿ ಸವಾರರು ಊರೊಳಗೆ ಸಾಲಾಗಿ ಸಾಗುವ ಆ ಫೋಟೋ ತೆಗೆದದ್ದು ಊರು ಬಿದ್ದ ಮೇಲೆ. ಅದಕ್ಕೇ ಎಲ್ಲ ಅಷ್ಟು ಅಚ್ಚುಕಟ್ಟು. 1918ರ ಸೆಪ್ಟೆಂಬರ್ 23ರಂದು ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನವರು ಊರಿನ ಪಕ್ಕದ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿದ್ದರು, ಜೋಧಪುರದವರು ಊರಿಗೆ ನುಗ್ಗಿದರು. ಎದುರಿಗೆ ಮಷೀನ್ ಗನ್, ಇವರ ಕೈಯಲ್ಲಿ ಭರ್ಜಿ. ಆ ದಿನ ಸತ್ತ ಸವಾರರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ನಿನ್ನ ಕವಿತೆಯಲ್ಲಿ ‘ಕೆಚ್ಚೆದೆ’ ಪದೇ ಪದೇ ಬರುತ್ತದೆ, ಕುದುರೆ ಒಮ್ಮೆಯೂ ಇಲ್ಲ! ಅವರ ಧೈರ್ಯ ಸಣ್ಣದು ಅಂತಲ್ಲ ಕಣೋ. ಆದರೆ ಮೈಸೂರಿನ ಸವಾರ ತುರ್ಕರ ಊರನ್ನು ಇಂಗ್ಲಿಷರಿಗೆ ಗೆದ್ದುಕೊಟ್ಟ. ಅವನನ್ನು ನಿಲ್ಲಿಸಿ ‘ಯಾರಿಗಾಗಿಯಪ್ಪ?’ ಅಂತ ಒಂದು ಮಾತು ಕೇಳಬಾರದಾ? ನಿನಗೆ ಇಷ್ಟವಾದ ಜಯಘೋಷದ ಸಾಲುಗಳನ್ನು ನಾನಾಗಿದ್ದರೆ ಹೊಡೆದುಹಾಕುತ್ತಿದ್ದೆ.

ಚಿತ್ರದ ಜೊತೆಗೆ ಬರಹ ನಮಗೇನೂ ಹೊಸದಲ್ಲ. ಊರೂರಿನ ವೀರಗಲ್ಲುಗಳಲ್ಲಿ ಇರುವುದು ಅದೇ ತಾನೇ, ಕಾದಾಟದ ಕೆತ್ತನೆ, ಪಕ್ಕದಲ್ಲಿ ಅಕ್ಷರ. ಮದ್ದೂರು ಹತ್ತಿರದ ಆತಕೂರಿನ 10ನೇ ಶತಮಾನದ ಕಲ್ಲು ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಚೋಳರ ಮೇಲಿನ ತಕ್ಕೋಲದ ಯುದ್ಧ ಗೆದ್ದು ಬಂದಾಗ ಗಂಗ ದೊರೆ ಬೂತುಗ ‘ಬೇಕಾದ್ದು ಕೇಳು’ ಅಂದರೆ ಅವನ ಕಡೆಯ ವೀರ ಮಣಲೇರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಅದು ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿದ. ಅದೇ ಕಲ್ಲಿನಲ್ಲಿ ಚೋಳ ರಾಜಾದಿತ್ಯ ಸತ್ತ ಸುದ್ದಿಯೂ ಇದೆ, ಆದರೆ ಕೆತ್ತನೆಯಲ್ಲಿರುವುದು ನಾಯಿ ಮತ್ತು ಹಂದಿ. ಹೈಫಾದ ಕುದುರೆಗಳ ಬಗ್ಗೆ ಬರೆಯಲು ನಿನಗೆ ಇನ್ನ್ಯಾರ ಅಪ್ಪಣೆ ಬೇಕು ಹೇಳು?

ಗಾಜಾದ ಕವಿತೆಯನ್ನು ಸದ್ಯಕ್ಕೆ ಎತ್ತಿಡು, ಯಾವ ಪತ್ರಿಕೆಗೂ ಕಳಿಸಬೇಡ. ಹೈಫಾದ್ದನ್ನು ತಿದ್ದಿ ಕಳಿಸು, ಜಾಸ್ತಿ ಬೆಳೆಸಬೇಡ. ಜೊತೆಗೆ ಫೋಟೋವನ್ನೂ ಹಾಕು, ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ. ಸಿಟ್ಟು ಬಂದಿದ್ದರೆ ಭಾನುವಾರ ಫೋನ್ ಮಾಡಿ ಬೈಯಿ, ಮನೆಯಲ್ಲೇ ಇರುತ್ತೇನೆ.

ಇಂತಿ ನಿನ್ನ,
ಸುರೇಶ